ತೊಂಬತ್ತನೇ ದಿನದ ಗುಂಡಿ

"ಸಾಧ್ಯವೇ ಇಲ್ಲ! ಇನ್ನೊಂದು ಸಲ ನೋಡಿ!"

ಅವಳ ಕೂಗಿಗೆ ಪ್ರಯೋಗಾಲಯದ ಗೊಬ್ಬರದ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಒಂದನೇ ನಂಬರಿನ ತಗಡು ಕಟ್ಟಿದ್ದ ಗುಂಡಿಯ ಪಕ್ಕ ಮೊಣಕಾಲೂರಿದ್ದ ಅವನ ಇಕ್ಕಳದಲ್ಲಿ ಕೆಸರು ಮೆತ್ತಿದ ಹಾಳೆ ತೂಗಾಡುತ್ತಿತ್ತು. ಇಡೀ ಹಾಳೆ... ಒಂದು ಮೂಲೆಯೂ ಸವೆದಿರಲಿಲ್ಲ.

ಒಂದನೇ ಗುಂಡಿಯದು ಅಂದರೆ, ಬಾಳೆದಿಂಡಿನ ನಾರಿನಿಂದ ಅವಳು ಮಾಡಿದ ಹಾಳೆ. ಪ್ಲಾಸ್ಟಿಕ್ ಬದಲು ಸಾಮಾನು ಸುತ್ತೋಕೆ. ಕೆಲಸ ಮುಗಿದ ಮೇಲೆ ತೊಂಬತ್ತು ದಿನದಲ್ಲಿ ಮಣ್ಣಾಗಿ, ಮತ್ತೆ ಬಾಳೆಯ ಬುಡಕ್ಕೇ ಗೊಬ್ಬರವಾಗಬೇಕಿತ್ತು. ಮೂರು ವರ್ಷ ಅದಕ್ಕೇ ಜೀವ ತೇದಿದ್ದಳು. ಎರಡನೇ ಗುಂಡಿಯಲ್ಲಿ, ಹೋಲಿಸಿ ನೋಡೋಕೆ ಅಂತ, ಅದೇ ಬಣ್ಣದ ಪ್ಲಾಸ್ಟಿಕ್ ಹಾಳೆ ಹೂತಿದ್ದರು.

ಗುಂಡಿಗಳೆಲ್ಲ ಅವನ ಉಸ್ತುವಾರಿ. ಎಲ್ಲರ ಬಾಯಲ್ಲೂ ಅವನು 'ಗೊಬ್ಬರ ಸಾರ್'. ಎರಡು ವರ್ಷದಿಂದ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಊಟದ ಡಬ್ಬಿ ಬಿಚ್ಚಿದವರು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೇ, ಪ್ರಯೋಗಾಲಯದ ಗೋಡೆಗೂ ಗೊತ್ತಿತ್ತು!

"ವರದಿಯಲ್ಲಿ ಏನು ಬರೀತೀರಿ?"

"ಕಂಡದ್ದನ್ನ. ಕರಗಿಲ್ಲ ಅಂತ... ಆದರೆ ಒಂದು ಮಾತು ಕೇಳಿ, ಎರಡನೇ ಗುಂಡೀಲಿ..."

"ಸಾಕು! ಮೂರು ವರ್ಷ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ಇನ್ನೇನು ಕೇಳಲಿ?"

ನನ್ನವನು ಅಂದುಕೊಂಡಿದ್ದೆನಲ್ಲ... ಕರಗಿಲ್ಲ ಅಂತ ಸಲೀಸಾಗಿ ಬರೀತಾನಂತೆ! ಅವಳು ಒಳಗೊಳಗೇ ಕುದಿದಳು.

ಅಂದಿನಿಂದ ಮಾತು ನಿಂತಿತು. ವರದಿಯನ್ನು ಅವಳು ಬಿಚ್ಚಿಯೂ ನೋಡಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಕರೆದು, "ನಾಲ್ಕು ತಿಂಗಳು ನೋಡ್ತೀನಮ್ಮಾ. ಆಮೇಲೆ ಈ ಕೆಲಸ ನಿಲ್ಲಿಸಲೇಬೇಕು" ಅಂದರು. ಮತ್ತೆ ನಾರು ಬೇಯಿಸಿ, ಮತ್ತೆ ಹೂತು, ಮತ್ತೆ ಕಾಯುವ ತ್ರಾಣ ಅವಳಿಗಿರಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು, ಹೋಗುತ್ತಿದ್ದಳು. ಮನೆಯಲ್ಲಿ ಅಪ್ಪ "ಊಟ ಆಯ್ತೇನಮ್ಮಾ?" ಅಂದರೆ ಹೂಂ ಅನ್ನೋಕೂ ಸುಸ್ತು.

ಆ ಪುಣ್ಯಾತ್ಮ ಗೊಬ್ಬರ ಸಾರ್ ಮಾತ್ರ ದಿನಾ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು "ನಮಸ್ಕಾರ" ಅನ್ನುತ್ತಿದ್ದ. ಇವಳು ಗೋಡೆ ನೋಡುತ್ತಿದ್ದಳು.

ಹೀಗೇ ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಮಸ್ಕಾರದ ಬದಲು ಬೇರೆ ಮಾತು ಬಂತು.

"ಜರಡಿ ಹಿಡಿಯೋಕೆ ಒಬ್ಬರು ಬೇಕಿತ್ತು... ಬರ್ತೀರಾ?"

ಬೇಡ ಅನ್ನುವುದಕ್ಕೂ ಶಕ್ತಿ ಬೇಕಲ್ಲ! ಎದ್ದು ಹೋದಳು.

ಅಂಗಳದ ಮೂಲೆಯಲ್ಲಿ ಹೊಸ ಗುಂಡಿ.

"ಕಪಾಟಿನಲ್ಲಿ ಉಳಿದಿದ್ದ ನಿಮ್ಮ ಹಾಳೆ. ಮೇಡಂ ಎದುರಿಗೇ ಹೂತೆ. ಇವತ್ತಿಗೆ ತೊಂಬತ್ತು ದಿನ."

ಅವಳು ಜರಡಿ ಕೈಗೆತ್ತಿಕೊಂಡಳು. ಅವನು ಮಣ್ಣು ಸುರಿದ, ಅವಳು ಜರಡಿ ಆಡಿಸಿದಳು. ಕಪ್ಪು ಮಣ್ಣು ಉದುರುತ್ತಲೇ ಹೋಯಿತು. ಕೊನೆಗೆ ಬೆರಳಾಡಿಸಿ ಹುಡುಕಿದಳು. ಒಂದು ಎಳೆ ನಾರೂ ಇಲ್ಲ!

"ಹಾಗಾದರೆ ಅವತ್ತು ಸಿಕ್ಕಿದ್ದು...?"

"ಪ್ಲಾಸ್ಟಿಕ್. ಅದು ಇರಬೇಕಿದ್ದ ಎರಡನೇ ಗುಂಡಿ ಅವತ್ತೇ ಖಾಲಿ ಇತ್ತು ರೀ. ವರದೀಲೂ ಬರೆದಿದ್ದೆ."

ಗುಂಡಿಗಳಿಗೆ ನಂಬರಿನ ತಗಡು ಕಟ್ಟಿದ್ದು ಅವಳೇ! ಅಪ್ಪ ಆಸ್ಪತ್ರೆಯಲ್ಲಿದ್ದ ವಾರ, ನಿದ್ದೆಗೆಟ್ಟ ಕಣ್ಣಲ್ಲಿ. ಅದೇ ದಿನ ಚಹಾಕ್ಕೆ ಉಪ್ಪು ಹಾಕಿಕೊಂಡಿದ್ದಳು. ನೋಡಿ ನಕ್ಕವನು ಇವನೇ.

"ತಗಡು ಅದಲುಬದಲು ಮಾಡಿದ್ದು ನಾನು... ಅದನ್ನ ಯಾಕೆ ಬರೀಲಿಲ್ಲ?"

"ಬರೀ ಅನುಮಾನ ಇತ್ತು. ಅದರ ಮೇಲೆ ನಿಮ್ಮನ್ನ ತಪ್ಪಿತಸ್ಥೆ ಮಾಡೋಕೆ ಮನಸ್ಸಾಗಲಿಲ್ಲ."

"ಮತ್ತೆ ಹೂತಿದ್ದನ್ನಾದರೂ ಹೇಳಬಾರದಿತ್ತಾ?"

"ಮತ್ತೆ ಕರಗದೇ ಇದ್ದಿದ್ದರೆ? ಅವತ್ತಿನ ನಿಮ್ಮ ಮುಖ ಇನ್ನೊಂದು ಸಲ ನೋಡೋ ಧೈರ್ಯ ನಂಗಿರಲಿಲ್ಲ."

ಅವಳು ಗುಂಡಿಯ ಅಂಚಿನಲ್ಲೇ ಕುಸಿದು ಕೂತಳು. ತಿಂಗಳುಗಟ್ಟಲೆ ತಡೆದಿದ್ದ ಅಳು ಒಮ್ಮೆಲೇ ಬಂತು.

"ತಪ್ಪಾಯ್ತು ರೀ... ತುಂಬಾ ಸುಸ್ತಾಗಿದೆ ನಂಗೆ."

"ಗೊತ್ತು. ಅತ್ತುಬಿಡಿ. ನಾನಿಲ್ಲೇ ಕೂತಿರ್ತೀನಿ."

"ಎಷ್ಟು ಹೊತ್ತು?"

"ನೀವು ಹೂಂ ಅಂದರೆ... ಜೀವನಪೂರ್ತಿ."

ಅವಳು ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಮಣ್ಣಾಯಿತು.

"ಹೂಂ. ಸಂಜೆ ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡಿ."

"ಇವತ್ತೇನಾ? ಮೈಯೆಲ್ಲ ಗೊಬ್ಬರದ ವಾಸನೆ ಇದೆಯಲ್ರೀ!"

"ಮೂರು ವರ್ಷದಿಂದ ನಾನೂ ಇದೇ ವಾಸನೆ ಹೊತ್ತು ಮನೆಗೆ ಹೋಗ್ತಿದ್ದೀನಿ. ಅಪ್ಪನಿಗೆ ರೂಢಿಯಾಗಿದೆ, ಬನ್ನಿ."