ಹುಚ್ಚಮ್ಮನ ಟ್ಯೂಬು

ವಿರಾಜಪೇಟೆಯ ಆಸ್ಪತ್ರೆಯಲ್ಲಿ ಹುಚ್ಚಮ್ಮನ ರಕ್ತ ತೆಗೆದವಳು ನಾನೇ. ‘ಮಗಳು ಕೇರಳದಿಂದ ಬರೋವರೆಗೂ ಇದನ್ನ ಚೆಲ್ಲಬೇಡ ಮಗಾ’ ಎಂದಿತ್ತು ಅಜ್ಜಿ. ಅಂದೇ ಸಂಜೆ ತೀರಿಕೊಂಡಿತು.

ಮರುದಿನ ಬೆಳಿಗ್ಗೆ ಲ್ಯಾಬಿನ ಫ್ರಿಜ್ಜಿನಿಂದ ಟ್ಯೂಬು ತೆಗೆದರೆ ಕೈಗೆ ಬೆಚ್ಚಗೆ ತಾಗಿತು. ಹೆಪ್ಪು ತಡೆಯುವ ಔಷಧಿ ಹಾಕದ ಟ್ಯೂಬಿನಲ್ಲಿ ರಕ್ತ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಬೇಕು. ಇದು ಇನ್ನೂ ನೀರಿನಂತೆ ಅಲುಗುತ್ತಿತ್ತು.

‘ಫ್ರಿಜ್ಜು ಕೆಟ್ಟಿರಬೇಕು ಮಾರಾಯ್ತಿ’ ಎಂದ ಜೊತೆಗಾರ ಶಿವಪ್ರಕಾಶ್. ಅದರಲ್ಲೇ ಅವನು ಕದ್ದುಮುಚ್ಚಿ ಇಟ್ಟಿದ್ದ ಮೊಸರು ಮಾತ್ರ ಮಂಜುಗಡ್ಡೆಯಂತಿತ್ತು. ಟ್ಯೂಬು ಮುಟ್ಟಿ ನೋಡಿದವನು ಅದನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟ. ಚೆಲ್ಲಲು ಇಬ್ಬರಿಗೂ ಕೈ ಬರಲಿಲ್ಲ.

ಮಧ್ಯಾಹ್ನ ಅಜ್ಜಿಯ ಮಗಳು ಬಸ್ಸಿಳಿದು ನೇರ ನಮ್ಮಲ್ಲಿಗೆ ಬಂದಳು. ‘ಮೊದ್ಲು ಲ್ಯಾಬಿಗೆ ಹೋಗು ಅಂತ ಅಮ್ಮ ಫೋನಲ್ಲಿ ಹೇಳಿತ್ತು ಅಕ್ಕ. ಜೀವ ಇರುವಾಗ ಅಮ್ಮನ್ನ ಮುಟ್ಟೋಕೂ ಆಗ್ಲಿಲ್ಲ.’

ನಾನು ಟ್ಯೂಬನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಮುಷ್ಟಿ ಬಿಚ್ಚಿದಾಗ ಅದು ತಣ್ಣಗಿತ್ತು, ರಕ್ತ ಹೆಪ್ಪುಗಟ್ಟಿತ್ತು.