ದ್ವೀಪವನ್ನು ಬೈದವಳು

ದೋಣಿಯಿಂದ ಇಳಿಯುವಾಗ ಅವಳ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾ ಕಂಡೇ ಲಾಡ್ಜಿನವನ ಮೈ ಉರಿದುಹೋಯಿತು. ಪ್ರವಾಸಿ ಪತ್ರಿಕೆಯವಳಂತೆ! ಪಕ್ಕದ ದ್ವೀಪವನ್ನು ‘ಯಾರೂ ಕಾಣದ ಸ್ವರ್ಗ’ ಎಂದು ಊರಿಗೆಲ್ಲ ಡಂಗುರ ಸಾರಿದ್ದು ಇಂಥವರೇ. ಈಗ ಅಲ್ಲಿ ಹಗಲೆಲ್ಲ ಸ್ಪೀಕರ್ ಅರಚುತ್ತದೆ. ಜನ ಖಾಲಿ ಬಾಟಲಿಗಳ ನಡುವೆ ನಿಂತು, ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಥೂ!

ಇವಳನ್ನು ಓಡಿಸಲೇಬೇಕೆಂದು ಹಟ ತೊಟ್ಟ. ಕಿಟಕಿ ಸರಿಯಾಗಿ ಮುಚ್ಚದ ಕೋಣೆ ಕೊಟ್ಟ. ಬೇಕೆಂದೇ ತಣ್ಣಗಾಗಿಸಿದ ಟೀ ತಂದಿಟ್ಟ.

“ಇದನ್ನ ಟೀ ಅಂತೀರಾ?”

“ಇಲ್ಲಿ ಇದನ್ನೇ ಅನ್ನೋದು.”

ಅವಳು ಹುಬ್ಬೇರಿಸಿ, ಅವನ ಮುಖವನ್ನೇ ನೋಡುತ್ತ, ಲೋಟ ಪೂರ್ತಿ ಖಾಲಿ ಮಾಡಿದಳು. ಕಣ್ಣಂಚಿನಲ್ಲಿ ಸಣ್ಣ ನಗು. ಆ ನಗು ಕಂಡು ಅವನಿಗೆ ಸಿಟ್ಟು ನೆತ್ತಿಗೇರಿತು.

ಮರುದಿನವೆಲ್ಲ ಅವಳು ಕಡಲಂಚಿನ ಬಂಡೆಯ ಮೇಲೆ ಸುಮ್ಮನೆ ಕೂತಿದ್ದಳು. ಕ್ಯಾಮೆರಾ ಚೀಲದಿಂದ ಆಚೆ ಬರಲೇ ಇಲ್ಲ. ಅವನು ಇಲ್ಲದ ನೆಪ ಹುಡುಕಿ ಅದೇ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿದ.

“ಓಡಿಸ್ತೀನಿ ಅಂದವನು ಕಾವಲು ಕಾಯ್ತಾ ಇದ್ದೀಯಲ್ಲೋ!” ಅಡುಗೆಮನೆಯಿಂದ ಅಕ್ಕ ಛೇಡಿಸಿದಳು.

ಸಂಜೆ ಅವನು ಅವಳ ಮುಂದೆ ಹೋಗಿ ನಿಂತ. “ಬರೀಬೇಡಿ. ದಮ್ಮಯ್ಯ ಅಂತೀನಿ.”

“ಬರೀದೆ ಹೋದ್ರೆ ನನ್ನ ಕೆಲಸ ಹೋಗುತ್ತೆ,” ಎಂದಳು. ಅಷ್ಟರಲ್ಲಿ ಫೋನ್ ಬಂತು. ಅವಳ ಸಂಪಾದಕರು.

“ಇಲ್ಲೇನಿದೆ ಸರ್, ಮಣ್ಣು! ನೀರು ಬರೀ ಕೊಚ್ಚೆ, ಸಾಲದ್ದಕ್ಕೆ ಸೊಳ್ಳೆ. ಲಾಡ್ಜಿನವನಂತೂ ಸದಾ ಮೂತಿ ಊದಿಸ್ಕೊಂಡಿರೋ ದುರಹಂಕಾರಿ. ಈ ಜಾಗದ ಬಗ್ಗೆ ಬರೆದ್ರೆ ಓದುಗರು ನಮಗೇ ಉಗೀತಾರೆ... ಏನು? ನಾನು ಆಫೀಸಿಗೂ ಬರೋದು ಬೇಡ್ವಾ? ಸರಿ ಬಿಡಿ ಸರ್.”

ಅವನ ಕಿವಿ ಕೆಂಪಾಯಿತು. ಆಮೇಲೆ ಕಾಲಬುಡದ ನೀರು ನೋಡಿದ. ತಳದ ಮರಳು ನಿಚ್ಚಳವಾಗಿ ಕಾಣುತ್ತಿತ್ತು. ಅವಳು ಮಾಡಿದ್ದೇನೆಂದು ಆಗ ತಿಳಿಯಿತು.

“ಅಷ್ಟೊಂದು ಸುಳ್ಳು ಹೇಳಿದ್ರಲ್ಲ!”

“ದ್ವೀಪದ ಬಗ್ಗೆ ಹೇಳಿದ್ದು ಸುಳ್ಳು. ನಿಮ್ಮ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ.”

ಅವನಿಗೆ ನಗು ಬಂತು.

“ಬೆಳಗ್ಗೆ ದೋಣಿ ಬರುತ್ತೆ,” ಎಂದ. ಹೇಳಬೇಕೆಂದಿದ್ದು ಅದಲ್ಲ.

“ಗೊತ್ತು.”

“ಹತ್ತಬೇಡಿ. ನೀವು ಹೋದ್ರೆ ನಂಗೆ ಇಲ್ಲಿರೋಕಾಗಲ್ಲ.”

“ಇಡೀ ಪ್ರಪಂಚನ ಕಂಡ್ರೇ ಆಗದವರು, ನನ್ನ ಹೇಗೆ ಸಹಿಸ್ಕೊಳ್ತೀರಿ?”

“ಪ್ರಪಂಚ ಹಾಳಾಗಿ ಹೋಗ್ಲಿ,” ಎಂದು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.