ನಲವತ್ತೊಂದು ಮೀಟರ್ ನಡೆದ ಕಲ್ಲು

ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೇ ಸಲವೂ ಓದಿದರು. ಕಲ್ಲೊಂದು ತಾನಿದ್ದ ಜಾಗ ಬಿಟ್ಟು ನಲವತ್ತೊಂದು ಮೀಟರ್ ಆಚೆ ಹೋಗಿ ನಿಂತಿದೆ ಎಂಬುದು ದೂರಿನ ಸಾರಾಂಶ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಠಾಣೆಯ ಗೇಟು ಕೂಡ ಎದ್ದು ಎಲ್ಲೋ ಹೋದ ಹಾಗೆ ಕಾಣುತ್ತಿತ್ತು.

ದೂರು ತಂದವರು ಸೈನ್ಯದ ಫಿರಂಗಿ ಮೈದಾನದ ಸರ್ವೆ ಅಧಿಕಾರಿ. ಇನ್ನೂ ಮೂವತ್ತು ದಾಟಿರದ ವಯಸ್ಸು, ಇಸ್ತ್ರಿ ಮುರಿಯದ ಸಮವಸ್ತ್ರ.

"ಕಲ್ಲು ಕಳುವಾಗಿದೆಯಾ ಸಾರ್?" ಹೆಡ್ ಕಾನ್‌ಸ್ಟೆಬಲ್ ಕೇಳಿದರು.

"ಇಲ್ಲ. ಜಾಗ ಬದಲಾಗಿದೆ."

"ಹಂಗಾದ್ರೆ ಕಾಲು ಬಂದಿರ್ಬೇಕು."

ಅಧಿಕಾರಿ ನಗಲಿಲ್ಲ. ಇನ್‌ಸ್ಪೆಕ್ಟರ್ ಒಳಗಿನಿಂದ ಟೀ ಲೋಟ ಹಿಡಿದುಕೊಂಡೇ ಬಂದರು. ಮಂಜಿನ ದಿನಗಳಲ್ಲಿ ಅವರಿಗೆ ಹಾಸಿಗೆ ಬಿಟ್ಟು ಬಂದೆನೋ ಇಲ್ಲವೋ ಎಂಬ ಅನುಮಾನ ಹತ್ತು ಗಂಟೆಯವರೆಗೂ ಹೋಗುತ್ತಿರಲಿಲ್ಲ. ಅವರನ್ನು ನೋಡಿ ಅಧಿಕಾರಿ ವಿಷಯ ಬಿಡಿಸಿ ಹೇಳಿದರು. ಹಳೆಯ ಫಿರಂಗಿಗಳು ಮೈದಾನ ಬಿಟ್ಟು ಹೋಗುತ್ತಿವೆ. ಅವು ಹತ್ತು ಕಿಲೋಮೀಟರ್ ಹೊಡೆಯುತ್ತಿದ್ದವು. ಹೊಸ ರಾಕೆಟ್ ವಾಹನ ನಲವತ್ತು ಹೊಡೆಯುತ್ತದೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಪರೀಕ್ಷೆ. ಯುದ್ಧದಲ್ಲಿ ಶತ್ರು ಉಪಗ್ರಹದ ಸಂಕೇತವನ್ನು ಕೆಡಿಸಿದರೆ ಏನು ಗತಿ ಎಂದು ನೋಡಲು ಅವತ್ತು ಉಪಗ್ರಹದ ಸಹಾಯವನ್ನೇ ನಿಲ್ಲಿಸಿರುತ್ತಾರೆ. ವಾಹನ ಈಗ ಜಾಗ ಬಿಟ್ಟಿರುವ ಈ ಏಳನೇ ಸರ್ವೆ ಕಲ್ಲಿನ ಪಕ್ಕದಲ್ಲೇ ನಿಲ್ಲುತ್ತದೆ. ರಿಜಿಸ್ಟರಿನಲ್ಲಿರುವ ಕಲ್ಲಿನ ಅಂಕಿಯನ್ನೇ ತನ್ನ ಜಾಗವೆಂದು ನಂಬಿ, ಕಲ್ಲಿನಿಂದ ಎರಡೂವರೆ ಕಿಲೋಮೀಟರ್ ದೂರದ ಗುಡ್ಡದ ಗೋಪುರವನ್ನು ನೋಡಿ ದಿಕ್ಕು ಹಿಡಿಯುತ್ತದೆ.

"ಇಲ್ಲಿ ನಲವತ್ತು ಮೀಟರ್ ತಪ್ಪಿದ್ರೆ ಅಲ್ಲಿ ಏಳ್ನೂರು ಮೀಟರ್ ತಪ್ಪುತ್ತೆ ಇನ್‌ಸ್ಪೆಕ್ಟರೇ. ಇದು ಬುಡಮೇಲು ಕೃತ್ಯ."

ಏಳು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸೈನ್ಯದ ಜಾಗಕ್ಕೆ ಅಕ್ರಮ ಪ್ರವೇಶ, ಸರ್ವೆ ಗುರುತಿಗೆ ಹಾನಿ. ಆರೋಪಿ: ಅಪರಿಚಿತ.

ಒಂಬತ್ತು ಗಂಟೆಗೆ ಮೈದಾನದಲ್ಲಿ ಪಂಚನಾಮೆ. ಪಂಚರಾಗಿ ಮೈದಾನದ ಅಡುಗೆಯವನೂ ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೂ ಸಿಕ್ಕರು. ಮಂಜಿನಲ್ಲಿ ನೆಲವೇ ಇಲ್ಲದ ಹಾಗಿತ್ತು. ಐದು ಜನ ಹತ್ತಿಯೊಳಗೆ ನಡೆದಂತೆ ನಡೆದರು. ಮೊದಲು ಸಿಕ್ಕಿದ್ದು ಮೆದು ಮಣ್ಣಿನಲ್ಲಿ ಚೌಕಾಕಾರದ ಖಾಲಿ ಗುಂಡಿ. ಅಲ್ಲಿಂದ ಹುಲ್ಲು ಪಟ್ಟೆಪಟ್ಟೆಯಾಗಿ ಅಪ್ಪಚ್ಚಿಯಾಗಿತ್ತು. ಕಬ್ಬಿಣದ ಕೊಳವೆಗಳನ್ನು ಹಾಸಿ, ಅವುಗಳ ಮೇಲೆ ಕಲ್ಲನ್ನು ಉರುಳಿಸಿಕೊಂಡು ಹೋದ ಗುರುತು. ಪಟ್ಟೆ ಮುಗಿದಲ್ಲಿ ನೆಲಮಟ್ಟದ ಒಂದು ಬಂಡೆಯ ಹಾಸು, ಅದರ ಮೇಲೆ ಏಳನೇ ಕಲ್ಲು. ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ನೆಟ್ಟಗೆ, ಶಾಂತವಾಗಿ ನಿಂತಿತ್ತು.

ಇನ್‌ಸ್ಪೆಕ್ಟರ್ ಮಂಡಿಯೂರಿ ಕುಳಿತು ನೋಡಿದರು. ಬಂಡೆಯಲ್ಲಿ ಉಳಿಯಿಂದ ಕುಳಿ ಕೆತ್ತಿ ಕಲ್ಲನ್ನು ಕೂರಿಸಿದ್ದರು. ಸುತ್ತ ಬಿಳಿ ಚಕ್ಕೆಗಳು. ಸಂದಿಗೆ ಬೆರಳು ಹಾಕಿ ತೆಗೆದರೆ ಬೆರಳು ಕಪ್ಪಾಯಿತು.

"ಇದೇನು?"

"ಇದ್ದಿಲು," ಎಂದ ಅಡುಗೆಯವನು. ಅದೊಂದು ವಿಷಯದಲ್ಲಿ ಅವನು ಪಂಡಿತ.

ಹಳೆಯ ಗುಂಡಿಯ ತಳದಲ್ಲೂ ಇದ್ದಿಲಿತ್ತು. ಅದು ಹಳೆಯದು, ಒದ್ದೆಯಾದದ್ದು. ಕಾರಣ ಸರ್ವೆ ಅಧಿಕಾರಿಗೂ ಗೊತ್ತಿರಲಿಲ್ಲ. ಮೈದಾನದ ಉಗ್ರಾಣದ ಮುದಿ ಗುಮಾಸ್ತನನ್ನು ಕರೆಸಿ ಕೇಳಿದಾಗ ಅವನು ಹೇಳಿದ: "ಕಲ್ಲನ್ನ ಯಾರಾದ್ರೂ ಕಿತ್ಕೊಂಡು ಹೋದ್ರೂ ಇದ್ದಿಲು ಕೊಳೆಯಲ್ಲ ಸಾರ್. ಅಗೆದು ನೋಡಿದ್ರೆ ಜಾಗ ಸಿಗುತ್ತೆ. ಸರ್ವೆಯಲ್ಲಿ ಸರಪಳಿ ಹಿಡೀತಿದ್ದ ಹಳಬರು ಕಲ್ಲಿನ ಕೆಳಗೆ ಹಾಕೇ ಹಾಕೋರು. ಇಪ್ಪತ್ತು ವರ್ಷದಿಂದ ಯಾರೂ ಹಾಕ್ತಿಲ್ಲ."

ಇನ್‌ಸ್ಪೆಕ್ಟರಿಗೆ ಆಗ ಪೂರ್ತಿ ಎಚ್ಚರವಾಯಿತು. ಬುಡಮೇಲು ಮಾಡಲು ಬಂದವನು ಕಲ್ಲನ್ನು ಉರುಳಿಸಿ ಓಡಬೇಕು. ಇವನು ವಾರಗಟ್ಟಲೆ ಬಂಡೆ ಕೆತ್ತಿ, ಶಾಸ್ತ್ರೋಕ್ತವಾಗಿ ಇದ್ದಿಲು ಹಾಕಿ, ಲಂಬ ನೋಡಿ ನಿಲ್ಲಿಸಿದ್ದಾನೆ. ದ್ವೇಷ ಇರುವವರು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದಿಲ್ಲ.

"ಈಗ ಇರೋ ಜಾಗ ಅಳತೆ ಮಾಡಿ ನೋಡಿದಿರಾ?" ಎಂದು ಅಧಿಕಾರಿಯನ್ನು ಕೇಳಿದರು.

"ಯಾಕೆ ಅಳೀಬೇಕು? ಮೂವತ್ನಾಲ್ಕು ವರ್ಷದಿಂದ ಆ ಗುಂಡೀಲಿತ್ತು. ರಿಜಿಸ್ಟರ್‌ನಲ್ಲಿ ಅಂಕಿ ಇದೆ. ಅದನ್ನೇ ಹೊಸ ಕಂಪ್ಯೂಟರ್‌ಗೂ ತುಂಬಿದೀವಿ. ಬುಧವಾರ ಬೆಳಿಗ್ಗೆ ಆರಕ್ಕೆ ಕಲ್ಲು ವಾಪಸ್ ಗುಂಡಿಗೆ ಹೋಗುತ್ತೆ."

"ಹಳೇ ಫಿರಂಗಿಗಳಿಗೆ ಈ ಕಲ್ಲು ಉಪಯೋಗ ಆಗಿತ್ತಾ?"

"ಇಲ್ಲ. ಅವು ಈ ಕಡೆ ಮುಖ ಮಾಡಿದ್ದೇ ಇಲ್ಲ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಜೊತೆ ವಾದ ಮಾಡಿ ಫಲವಿಲ್ಲವೆಂದು ಇನ್‌ಸ್ಪೆಕ್ಟರ್ ಠಾಣೆಗೆ ಮರಳಿದರು. ಪಿಂಚಣಿ ಕಚೇರಿಯಿಂದ ಸರಪಳಿಯವರ ಪಟ್ಟಿ ತರಿಸಿದರು. ಬದುಕಿದ್ದವರು ಇಬ್ಬರೇ. ಒಬ್ಬರು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು.

ಇನ್ನೊಬ್ಬರ ಮನೆಗೆ ಮಂಗಳವಾರ ಹತ್ತೂವರೆಗೆ ಹೋದರು. ರಿಪೇರಿ ಅಂಗಡಿಗಳ ಬೀದಿಯ ಕೊನೆಗೆ ಎರಡು ಕೋಣೆಯ ಮನೆ. ಬಾಗಿಲು ತೆರೆದವಳು ಅವರ ಮಗಳು. ಸೈನ್ಯದ ಸಮವಸ್ತ್ರದಲ್ಲಿದ್ದಳು, ಕೋಣೆಯ ನಡುವೆ ಅರ್ಧ ತುಂಬಿದ ಚೀಲ. ರಾಕೆಟ್ ಎಲ್ಲಿ ಬಿತ್ತೆಂದು ನೋಡಿ ಹೇಳುವ ವೀಕ್ಷಕಿಯ ಕೆಲಸ ಅವಳದು.

"ಏಳನೇ ಕಲ್ಲಿನ ವಿಷಯಾನಾ? ಅದನ್ನ ನೆಟ್ಟಿದ್ದೇ ನಮ್ಮಪ್ಪ ಸಾರ್," ಎಂದಳು, ಮುಖವೆಲ್ಲ ಅರಳಿಸಿಕೊಂಡು. "ಅದೂ ನಾನು ಹುಟ್ಟಿದ ದಿನ. ನಮ್ಮ ಪಡೆಯಲ್ಲಿ ಎಲ್ರಿಗೂ ಗೊತ್ತು. ನಿನ್ನ ಅಕ್ಕನೋ ತಂಗೀನೋ ಆ ಕಲ್ಲು ಅಂತ ರೇಗಿಸ್ತಾರೆ."

"ಗುರುವಾರ ನೀವೆಲ್ಲಿರ್ತೀರಿ?"

"ಗುರಿಯಿಂದ ಬಲಕ್ಕೆ ಏಳ್ನೂರು ಮೀಟರ್. ಬಂಕರ್‌ನಲ್ಲಿ. ಈಗಲೇ ಹೊರಡ್ಬೇಕು."

ಒಳಗೆ ಮಂಚದ ಮೇಲೆ ಕುಳಿತಿದ್ದ ಅಪ್ಪ ಗೋಡೆ ನೋಡುತ್ತಿದ್ದರು. ಅರವತ್ತೆಂಟು ವರ್ಷ, ಕಡ್ಡಿಯಂಥ ದೇಹ. ಅವರ ಎರಡೂ ಅಂಗೈಗಳಲ್ಲಿ ಒಡೆದ ಬೊಬ್ಬೆಗಳು. ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರರ ಕಿವಿಯಲ್ಲಿ ಪಿಸುಗುಟ್ಟಿದರು: "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?"

ಮಗಳ ಎದುರು ಏನೂ ಕೇಳುವುದು ಬೇಡವೆಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಹೇಳಿಕೆ ಬೇಕೆಂದು ಹೇಳಿ ಅವರನ್ನು ಠಾಣೆಗೆ ಕರೆತಂದರು. ಹನ್ನೊಂದು ಇಪ್ಪತ್ತಕ್ಕೆ ವಿಚಾರಣೆ ಶುರುವಾಯಿತು.

"ಮೈದಾನಕ್ಕೆ ಹೋಗಿದ್ರಾ?"

"ದಿನಾ ವಾಕಿಂಗ್ ಹೋಗ್ತೀನಿ."

"ಉಳಿ ಸುತ್ತಿಗೆ ತಗೊಂಡಾ?"

ಮುದುಕ ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡರು.

"ಕೈಗೇನಾಯ್ತು?"

"ವಯಸ್ಸಾಯ್ತು."

ಅರ್ಧ ಗಂಟೆ ಹೀಗೇ ಹೋಯಿತು. ಕಿಟಕಿಯ ಮಂಜು ನಿಧಾನವಾಗಿ ಕೋಣೆಯೊಳಗೂ ಬಂದಂತಿತ್ತು. ಗೋಡೆ ಗಡಿಯಾರದ ಸದ್ದು ಬಹಳ ದೂರದಿಂದ ಕೇಳುತ್ತಿತ್ತು. ಇನ್‌ಸ್ಪೆಕ್ಟರ್ ಕಡತ ಮುಚ್ಚಿ ಎದ್ದರು.

"ಹೋಗ್ಲಿ ಬಿಡಿ ಯಜಮಾನ್ರೇ. ನಾಳೆ ಬೆಳಿಗ್ಗೆ ಆರಕ್ಕೆ ಕಲ್ಲನ್ನ ಹಳೇ ಗುಂಡಿಗೆ ಹಾಕ್ತಾರಂತೆ."

ಮುದುಕ ಕುರ್ಚಿಯಿಂದ ಎದ್ದ ರಭಸಕ್ಕೆ ನೀರಿನ ಲೋಟ ಉರುಳಿತು.

"ಬೇಡ! ಹಾಕ್ಬೇಡಿ ಅಂತ ಹೇಳಿ. ಆ ಗುಂಡಿ ಸುಳ್ಳು ಸಾರ್. ಗುಂಡೀನೇ ಸುಳ್ಳು!"

ಹೇಳಿಕೆಯನ್ನು ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡರು. ಮೂವತ್ನಾಲ್ಕು ವರ್ಷದ ಹಿಂದೆ ಸರ್ವೆ ಮುಖ್ಯಸ್ಥರು ಆ ಬಂಡೆಯ ಮೇಲೆ ಅಡ್ಡಗೆರೆ ಕೊರೆದು, ಅಳತೆ ಮಾಡಿ, ಅಂಕಿಗಳನ್ನು ರಿಜಿಸ್ಟರಿಗೆ ಬರೆದು, ಕಲ್ಲನ್ನು ಇಲ್ಲೇ ನೆಡು ಎಂದು ಹೇಳಿ ಹೋದರು. ಬಂಡೆ ಕೆತ್ತಲು ಮೂರು ದಿನ ಬೇಕು. ಆ ಮಧ್ಯಾಹ್ನ ಊರ ಕಡೆಯಿಂದ ಬಂದ ಲಾರಿಯವನು ಸುದ್ದಿ ತಂದ: ನಿನ್ನ ಹೆಂಡತಿಗೆ ನೋವು ಶುರುವಾಗಿದೆ, ಕಷ್ಟವಂತೆ, ಬೇಗ ಬಾ. ಸರಪಳಿಯವನು ನಲವತ್ತೊಂದು ಮೀಟರ್ ಈಚೆ ಮೆದು ಮಣ್ಣಿನಲ್ಲಿ ಗುಂಡಿ ತೋಡಿ, ಇದ್ದಿಲು ಹಾಕಿ, ಕಲ್ಲು ನಿಲ್ಲಿಸಿ ಓಡಿದ. ಮುಂದಿನ ವಾರ ಸರಿಮಾಡೋಣ ಅಂದುಕೊಂಡಿದ್ದ. ಫಿರಂಗಿಗಳು ಆ ಕಡೆ ತಿರುಗಲೇ ಇಲ್ಲ, ಮುಂದಿನ ವಾರವೂ ಬರಲಿಲ್ಲ.

"ಹೋದ ತಿಂಗಳು ಮಗಳು ಬಂದು, ಅಪ್ಪಾ ಹೊಸ ರಾಕೆಟ್ ನಿಮ್ಮ ಕಲ್ಲಿನ ಪಕ್ಕಾನೇ ನಿಲ್ಲುತ್ತೆ ಅಂದ್ಳು. ಎಷ್ಟು ಖುಷಿ ಅವಳಿಗೆ! ನನಗೆ ಊಟ ಸೇರ್ಲಿಲ್ಲ."

"ಸರ್ವೆಯವರಿಗೆ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಅವಳಿಗೆ ಗೊತ್ತಾಗ್ತಿತ್ತು. ಮಂಜಿನಲ್ಲಿ ಯಾರೂ ಕಾಣಲ್ಲ. ಮೂರು ವಾರ ಕೆತ್ತಿದೆ, ಮೂರು ಬೆಳಿಗ್ಗೆ ಉರುಳಿಸಿದೆ. ಆಮೇಲೆ ಹಳೇ ಗುಂಡಿ ಮುಚ್ಚೋಕೆ ಕೈಯಲ್ಲಿ ಶಕ್ತಿ ಉಳೀಲಿಲ್ಲ. ಅದೊಂದು ಮುಚ್ಚಿದ್ದಿದ್ರೆ ನೀವು ಬರ್ತಿರ್ಲಿಲ್ಲ."

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಬಂಧನ. ಇನ್‌ಸ್ಪೆಕ್ಟರ್ ಕೂಡಲೇ ಸರ್ವೆ ಅಧಿಕಾರಿಗೆ ಫೋನ್ ಮಾಡಿ ಹೇಳಿಕೆಯನ್ನು ಓದಿ ಹೇಳಿ, ಕಲ್ಲು ಮುಟ್ಟುವ ಮುಂಚೆ ಉಪಗ್ರಹ ಯಂತ್ರವಿಟ್ಟು ಅಳೆಯಿರಿ, ಇಲ್ಲದಿದ್ದರೆ ಲಿಖಿತವಾಗಿ ಬರೆದುಕೊಡಿ ಎಂದರು. ಲಿಖಿತ ಎಂಬ ಪದಕ್ಕೆ ಹೆದರದ ಅಧಿಕಾರಿ ಎಲ್ಲಿದ್ದಾನೆ?

ಮೂರು ನಲವತ್ತಕ್ಕೆ ಅಳತೆಯ ವರದಿ ಬಂತು. ತಂದವಳು, ಮೈದಾನದಲ್ಲಿ ಹೇಳಿಕೆಯ ವಿಷಯವೆಲ್ಲ ತಿಳಿದಿದ್ದ ಮಗಳು. ಕಲ್ಲು ಹಳೆಯ ಗುಂಡಿಯಲ್ಲೇ ಇದ್ದಿದ್ದರೆ ರಾಕೆಟ್ ಎಷ್ಟು ತಪ್ಪುತ್ತಿತ್ತೆಂದು ದಾರಿಯಲ್ಲೇ ವರದಿಯ ಹಿಂಬದಿಗೆ ಪೆನ್ಸಿಲಿನಿಂದ ಲೆಕ್ಕ ಮಾಡಿದ್ದಳು. ಕೊನೆಯ ಅಂಕಿ ಆರುನೂರ ಎಂಬತ್ತಮೂರು, ಬಲಕ್ಕೆ. ಅದರ ಪಕ್ಕ ಬಂಕರಿನ ಪುಟ್ಟ ಚೌಕ ಬರೆದಿದ್ದಳು. ಬೆಂಚಿನ ಮೇಲೆ ಕುಳಿತಿದ್ದ ಅಪ್ಪನ ಎದುರು ನಿಂತಾಗ ಅವಳ ಮುಖದಲ್ಲಿ ಬೆಳಗಿನ ಬೆಳಕಿರಲಿಲ್ಲ.

"ರಿಜಿಸ್ಟರ್ ಅಂಕಿಗೂ ಈಗಿನ ಜಾಗಕ್ಕೂ ಎರಡು ಸೆಂಟಿಮೀಟರ್ ವ್ಯತ್ಯಾಸ."

ಮುದುಕ ತಲೆ ಎತ್ತಿದರು. "ಯಾವ ಕಡೆಗೆ?"

"ಉತ್ತರಕ್ಕೆ."

"ಕೊನೇ ದಿನ ಸೊಂಟ ಹಿಡ್ಕೊಂಡಿತ್ತು. ಇಲ್ದಿದ್ರೆ ಅಷ್ಟೂ ಬರ್ತಿರ್ಲಿಲ್ಲ."

ಹೆಡ್ ಕಾನ್‌ಸ್ಟೆಬಲ್ ಕುರ್ಚಿ ಎಳೆದು ಕೊಟ್ಟರು. ಅವಳು ಕೂರಲಿಲ್ಲ. ಬಹಳ ಹೊತ್ತು ಅವರ ಅಂಗೈಗಳನ್ನೇ ನೋಡುತ್ತಿದ್ದಳು.

"ಅವತ್ತು ಮನೆ ಮುಟ್ಟಿದಾಗ ಎಷ್ಟು ಹೊತ್ತಾಗಿತ್ತು ಅಪ್ಪಾ?"

"ನೀನು ಹುಟ್ಟಿ ಹತ್ತು ನಿಮಿಷ ಆಗಿತ್ತು," ಎಂದರು ಅಪ್ಪ. "ಹತ್ತೇ ನಿಮಿಷ."

ಆಗ ಅವಳು ಕುಳಿತಳು, ಕುರ್ಚಿಯ ಮೇಲಲ್ಲ, ಬೆಂಚಿನ ಮೇಲೆ, ಅವರಿಗೆ ಹೆಗಲು ತಾಗುವಂತೆ. ಇಬ್ಬರೂ ಅತ್ತರು, ಮುಚ್ಚಿಡಲಿಲ್ಲ.

ಐದು ಗಂಟೆಗೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆಗೆದರು. ಕಲ್ಲು ಇದ್ದಲ್ಲೇ ಇರುವುದೆಂದು ಮೈದಾನದಿಂದ ಬಂದ ಪತ್ರವನ್ನು ಕಡತಕ್ಕೆ ಸೇರಿಸಿದರು. ಕೃತ್ಯದ ಹಿಂದಿನ ಉದ್ದೇಶ ಎಂಬಲ್ಲಿ ಪೆನ್ನು ತುಸು ಹೊತ್ತು ನಿಂತಿತು. ಆಮೇಲೆ ಅವರು ಮೂವತ್ನಾಲ್ಕು ವರ್ಷದ ಹಿಂದಿನ ಆ ತಾರೀಖನ್ನು ನಮೂದಿಸಿ ಬರೆದರು: "ಆರೋಪಿಗೆ ಅಂದು ಮನೆಗೆ ಹೋಗುವ ಅವಸರವಿತ್ತು."